ಒಂದು ಇಂಚಿನ ಎತ್ತರಕ್ಕಾಗಿ

ಸಕಲೇಶಪುರದ ಹೆತ್ತೂರು ಕಡೆಯ ನಮ್ಮ ಕಾಫಿ ತೋಟದಲ್ಲಿ, ಡಾಂಬರು ರಸ್ತೆ ಬಿಟ್ಟು ಕಣಕ್ಕೆ ಏರುವ ದಾರಿಯಲ್ಲಿ ಎರಡು ಹಿಮ್ಮುರಿ ತಿರುವುಗಳಿವೆ. ಎರಡನೆಯ ತಿರುವಿನಲ್ಲಿ ಸ್ಟೇರಿಂಗನ್ನು ಎಡಕ್ಕೆ ಪೂರ್ತಿ ತಿರುಗಿಸದಿದ್ದರೆ ಪಿಕಪ್ ಒಂದೇ ಸಲಕ್ಕೆ ಹೊರಳುವುದಿಲ್ಲ. ಸುಮಾರು ಎರಡು ವರ್ಷ ಕಾಲ ಆ ಜಾಗಕ್ಕೆ ಬಂದಾಗಲೆಲ್ಲ ಮುಂದಿನ ಬಲಚಕ್ರದ ಹಿಂಬದಿಯಿಂದ ಕರ್ರೆಂದು ಸದ್ದೊಂದು ಬರುತ್ತಿತ್ತು. ಟೈರಿನ ರಬ್ಬರ್ ಹಲ್ಲುಗಳು ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ ಹೊದಿಕೆಯನ್ನು ಕೆರೆಯುವ ಸದ್ದು ಅದು. ಜೊತೆಯಲ್ಲಿ ಕುಳಿತವರು ಮೊದಮೊದಲು ಏನದು ಎಂದು ಕೇಳುತ್ತಿದ್ದರು. ಬರಬರುತ್ತ ಅವರ ಕಿವಿಗೆ ಅದು ರೂಢಿಯಾಯಿತು. ನನ್ನ ಕಿವಿಗೆ ಮಾತ್ರ ಆಗಲಿಲ್ಲ. ದಿನಕ್ಕೆ ನಾಲ್ಕಾರು ಸಲ ಅದೇ ತಿರುವಿನಲ್ಲಿ ಅದೇ ಸದ್ದನ್ನು ಕೇಳುತ್ತ, ಈ ಗಾಡಿಗೆ ನಾನು ದೊಡ್ಡ ಟೈರು ಹಾಕಿಸಿದ್ದು ಸರಿಯೇ ಎಂಬ ಪ್ರಶ್ನೆಯನ್ನು ಅಷ್ಟೇ ಸಲ ನನಗೆ ನಾನೇ ಕೇಳಿಕೊಂಡಿದ್ದೇನೆ.

ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆಯ ಕಡೆ ಓಡಾಡುವವರಿಗೆ ದಪ್ಪ ಹಲ್ಲಿನ ಎತ್ತರದ ಟೈರು ಹಾಕಿಸಿದ ಪಿಕಪ್ ಈಗ ಅಪರೂಪದ ನೋಟವಲ್ಲ. ಕೆಲವರಿಗೆ ಅದು ಆಫ್‌ರೋಡ್ ಸ್ಪರ್ಧೆಯ ಹವ್ಯಾಸ, ಕೆಲವರಿಗೆ ನೋಟದ ಚಂದ. ಎರಡನ್ನೂ ನಾನು ಆಕ್ಷೇಪಿಸುವುದಿಲ್ಲ. ಸಂತೋಷಕ್ಕಾಗಿ ಮಾಡಿದ ಖರ್ಚಿಗೆ ಲೆಕ್ಕ ಕೇಳುವ ಅಧಿಕಾರ ಇನ್ನೊಬ್ಬರಿಗಿಲ್ಲ. ಆದರೆ ನಾನು ಹಾಕಿಸಿದ್ದು ಕೆಲಸಕ್ಕಾಗಿ, ಕಣ್ಣೆದುರಿಗೇ ಇದ್ದ ಒಂದು ತೊಂದರೆಯ ಪರಿಹಾರಕ್ಕಾಗಿ. ಹಾಗಾಗಿ ಅದರ ಲೆಕ್ಕವನ್ನು ಪೂರ್ತಿಯಾಗಿ ಒಪ್ಪಿಸಬೇಕೆಂದು ನನಗೆ ಅನ್ನಿಸುತ್ತದೆ.

ನಡುವಿನ ಏಣು

ಟ್ರ್ಯಾಕ್ಟರು ಓಡಾಡುವ ಮಣ್ಣಿನ ದಾರಿ ಯಾವುದನ್ನೇ ನೋಡಿ, ಎರಡು ಚಕ್ರದ ಜಾಡುಗಳ ನಡುವೆ ಹುಲ್ಲು ಬೆಳೆದ ಒಂದು ಏಣು ನಿಂತಿರುತ್ತದೆ. ಜಾಡು ಇಳಿದಷ್ಟೂ ಏಣು ಎದ್ದಂತೆ. ನಮ್ಮ ದಾರಿಯ ಏಣಿನಲ್ಲಿ ಮಣ್ಣಿನ ಜೊತೆಗೆ ಜಂಬಿಟ್ಟಿಗೆಯ ಗಟ್ಟಿ ಕಲ್ಲುಗಳೂ ತಲೆ ಎತ್ತಿವೆ. 2017ರಲ್ಲಿ ನಾನು ಕೊಂಡ ಇಸುಜು ವಿ-ಕ್ರಾಸ್ ಪಿಕಪ್‌ನ ಹಿಂದಿನ ಅಚ್ಚು ಒಂದೇ ತುಂಡಿನದು. ಅದರ ನಡುವೆ ಡಿಫರೆನ್ಷಿಯಲ್, ಎಂದರೆ ಎಂಜಿನ್ನಿನ ಬಲವನ್ನು ಎರಡೂ ಚಕ್ರಕ್ಕೆ ಹಂಚುವ ಹಲ್ಲುಚಕ್ರಗಳು, ಇರುವ ದುಂಡನೆಯ ಹೌಸಿಂಗು ಕೆಳಕ್ಕೆ ಇಳಿಬಿದ್ದಿದೆ. ಗಾಡಿಯ ಮೈ ಎಷ್ಟೇ ಎತ್ತರದಲ್ಲಿರಲಿ, ನೆಲಕ್ಕೆ ಅತ್ಯಂತ ಹತ್ತಿರವಿರುವುದು ಆ ಹೌಸಿಂಗು. ನಾನೇ ಟೇಪು ಹಿಡಿದು ಅಳೆದಾಗ ಅದರ ಕೆಳಗೆ ಸಿಕ್ಕಿದ್ದು ಇಪ್ಪತ್ತು ಸೆಂಟಿಮೀಟರಿಗಿಂತ ತುಸು ಹೆಚ್ಚು. ದಾರಿಯ ಅತಿ ಕೆಟ್ಟ ಜಾಗದಲ್ಲಿ ಏಣಿನ ಎತ್ತರ 21 ಸೆಂಟಿಮೀಟರ್. ಹಿಂದೆ ಗೊಬ್ಬರದ ಚೀಲ ತುಂಬಿದ ದಿನ ಭಾರಕ್ಕೆ ಟೈರು ಅಮುಕಿ, ಹೌಸಿಂಗಿಗೆ ಕಲ್ಲು ತಗುಲಿದ ಸದ್ದು ಕುಳಿತ ಸೀಟಿನವರೆಗೂ ಏರಿ ಬರುತ್ತಿತ್ತು.

ಇಂತಹ ತೊಂದರೆಗೆ ಹೆಚ್ಚಿನವರು ಮೊದಲು ಸೂಚಿಸುವುದು ಸಸ್ಪೆನ್ಶನ್ ಎತ್ತರಿಸುವುದನ್ನು. ಮುಂದೆ ಸ್ಪ್ರಿಂಗಿಗೆ ಒಂದು ತುಂಡು ಕೊಟ್ಟು, ಹಿಂದೆ ಸ್ಪ್ರಿಂಗಿನ ಪಟ್ಟಿಗಳಿಗೂ ಅಚ್ಚಿಗೂ ನಡುವೆ ಒಂದು ದಿಂಡು ಸೇರಿಸಿದರೆ ಗಾಡಿ ಎರಡು ಇಂಚು ಎದ್ದು ನಿಲ್ಲುತ್ತದೆ. ಎದ್ದು ನಿಲ್ಲುವುದು ಚಾಸಿ, ಕ್ಯಾಬಿನ್ನು ಮತ್ತು ತೊಟ್ಟಿ ಮಾತ್ರ. ಹಿಂದಿನ ಅಚ್ಚು ಪಟ್ಟಿಗಳ ಕೆಳಗಿದೆ; ಅದು ಚಕ್ರದ ಜೊತೆಗೇ ಇರುತ್ತದೆ, ಒಂದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಹೌಸಿಂಗನ್ನು ನೆಲದಿಂದ ಮೇಲಕ್ಕೆತ್ತುವ ಉಪಾಯ ಒಂದೇ, ದೊಡ್ಡ ಟೈರು. ಈ ಮಾತು ಮನದಟ್ಟಾದ ದಿನವೇ ನಾನು ಟೈರು ಬದಲಿಸುವ ನಿರ್ಧಾರ ಮಾಡಿದೆ. ಇಂದಿಗೂ ಆ ತರ್ಕದಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ.

ಗಾಡಿಯ ಜೊತೆ ಬಂದ ಟೈರಿನ ಅಳತೆ 245/70 ಆರ್ 16. ಅಗಲ 245 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 70, ರಿಮ್ಮು 16 ಇಂಚು. ಕೂಡಿ ನೋಡಿದರೆ ಚಕ್ರದ ಒಟ್ಟು ಎತ್ತರ ಸುಮಾರು 749 ಮಿಲಿಮೀಟರ್. ನಾನು ಹಾಕಿಸಿದ್ದು 265/75 ಆರ್ 16ರ, ಕೆಸರಿಗೆಂದೇ ಮಾಡಿದ ಮಡ್ ಟೆರೇನ್ ಟೈರು; ಎತ್ತರ ಸುಮಾರು 804 ಮಿಲಿಮೀಟರ್. 55 ಮಿಲಿಮೀಟರ್ ಹೆಚ್ಚಾಯಿತೆಂದು ಹಿಗ್ಗಬಹುದು, ಆದರೆ ಅಚ್ಚು ಇರುವುದು ಚಕ್ರದ ನಟ್ಟನಡುವೆ. ಅದರಲ್ಲಿ ಅರ್ಧ ಮೇಲಕ್ಕೆ ಹೋಗಿ ಮಡ್‌ಗಾರ್ಡಿನ ಜಾಗವನ್ನು ತಿನ್ನುತ್ತದೆ, ಉಳಿದರ್ಧ ಮಾತ್ರ ಹೌಸಿಂಗಿನ ಕೆಳಗೆ ಸಿಗುತ್ತದೆ. ಅಂದರೆ 27 ಮಿಲಿಮೀಟರ್, ಒಂದು ಇಂಚು. ನಾನು ಕೊಂಡದ್ದು ಅಷ್ಟು. ಅದಕ್ಕಾಗಿ ತೆತ್ತದ್ದು ಏನೆಂದು ತಿಳಿಯಲು ಎರಡು ಮಳೆಗಾಲ ಬೇಕಾಯಿತು.

ಕಾಫಿ ತೂಗುವ ತಕ್ಕಡಿ

ಹಾಸನದ ಟೈರಿನ ಅಂಗಡಿಯಲ್ಲಿ ಅಂದು ಕಂಡದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಮೊದಲ ಚಕ್ರ ಕೂರಿಸಿ, ಜಾಕ್ ಇಳಿಸಿ, ಹುಡುಗನೊಬ್ಬ ಸ್ಟೇರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸುತ್ತ ಹೋದ. ಇನ್ನೊಬ್ಬ ನೆಲಕ್ಕೆ ಮೈ ಚಾಚಿ ಮಲಗಿ, ಟೈರು ತಾಗುವ ಜಾಗವನ್ನೆಲ್ಲ ಸೀಮೆಸುಣ್ಣದಿಂದ ಗುರುತು ಮಾಡಿದ. ಗಾಡಿ ನಿಂತಿರುವಾಗ ತಾಗುವ ಜಾಗ ಬೇರೆ, ಗುಂಡಿಗೆ ಬಿದ್ದು ಚಕ್ರ ಮೇಲಕ್ಕೊತ್ತಿದಾಗ ತಾಗುವ ಜಾಗ ಬೇರೆ ಎಂದು ಅವನೇ ನನಗೆ ತಿಳಿಸಿ ಹೇಳಿದ್ದು. ಒಂದು ಮರದ ಹಲಗೆಯ ಮೇಲೆ ಒಂದು ಚಕ್ರವನ್ನು ಹತ್ತಿಸಿ ಮತ್ತೆ ಗುರುತು ಹಾಕಿದ. ಆಮೇಲೆ ಬಿಸಿಗಾಳಿಯ ಯಂತ್ರ ಹಿಡಿದು ಪ್ಲಾಸ್ಟಿಕ್ ಹೊದಿಕೆಯನ್ನು ಮೆತ್ತಗೆ ಮಾಡಿ, ಅಂಗೈಯಿಂದ ಒಳಕ್ಕೆ ಒತ್ತಿದ. ಒತ್ತಿದ್ದು ಸಾಲದೆ ಬಂದಲ್ಲಿ ಎರಡು ಬೆರಳಗಲ ಕತ್ತರಿಸಿ ತೆಗೆದ. ಕೆಲಸದಲ್ಲಿ ಅವನ ಶ್ರದ್ಧೆಯನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಇಷ್ಟಾದರೂ ಭಾರ ಹೇರಿದಾಗ ಎಡಕ್ಕೆ ಪೂರ್ತಿ ತಿರುಗಿಸಿದರೆ ತುಸು ತಾಗಬಹುದು, ಅದನ್ನು ತಪ್ಪಿಸಲು ಸಸ್ಪೆನ್ಶನ್ ಕೂಡ ಎತ್ತರಿಸಬೇಕು ಎಂದು ಅವನು ಮೊದಲೇ ಹೇಳಿದ್ದ. ಎತ್ತರಿಸಿದರೆ ಮುಂದಿನ ಆಕ್ಸಲ್‌ಗಳ ಕೋನ ಕಡಿದಾಗಿ ಅವುಗಳ ರಬ್ಬರ್ ಚೀಲಗಳು ಬೇಗ ಹರಿಯುತ್ತವೆ ಎಂಬುದನ್ನೂ ಹೇಳಿದ್ದ. ನಾನು ಆ ಸದ್ದನ್ನೇ ಆರಿಸಿಕೊಂಡೆ.

ಹಳೆಯ ಟೈರುಗಳನ್ನು ಮನೆಗೆ ತಂದ ಮೇಲೆ, ಕಣದ ತಕ್ಕಡಿಯ ಮೇಲೆ ಹಳೆಯದೊಂದು ಚಕ್ರವನ್ನೂ, ಬಿಚ್ಚಿದ ಹೊಸದೊಂದು ಚಕ್ರವನ್ನೂ ಇಟ್ಟು ನೋಡುವ ಯೋಚನೆ ಬಂತು. ಕಾಫಿ ಚೀಲ ತೂಗುವ ತಕ್ಕಡಿ ಅದು. ರಿಮ್ಮು ಸೇರಿ ಹಳೆಯದು 27 ಕೆಜಿ, ಹೊಸದು 35. ಒಂದೊಂದು ಚಕ್ರಕ್ಕೆ ಎಂಟು ಕೆಜಿ ಹೆಚ್ಚು. ತೊಟ್ಟಿಯಲ್ಲಿ ಹೇರುವ ಎಂಟು ಕೆಜಿ ಯಾವ ಲೆಕ್ಕಕ್ಕೂ ಇಲ್ಲ. ಒಂದು ಗೊನೆ ಬಾಳೆಕಾಯಿಯ ತೂಕ. ಆದರೆ ಚಕ್ರದಲ್ಲಿ ಸೇರಿದ ಎಂಟು ಕೆಜಿ, ಅದರಲ್ಲೂ ಅಂಚಿನಲ್ಲಿ ಸೇರಿದ್ದು, ಪ್ರತಿ ಸಲ ಗಾಡಿ ಹೊರಡುವಾಗ ಸುತ್ತಿಸಬೇಕಾದ ಭಾರ, ಪ್ರತಿ ಸಲ ನಿಲ್ಲಿಸುವಾಗ ಬ್ರೇಕು ಹಿಡಿದು ನಿಲ್ಲಿಸಬೇಕಾದ ಭಾರ. ಜೊತೆಗೆ ಇದು ಸ್ಪ್ರಿಂಗಿನ ಕೆಳಗಿನ ಭಾರ; ಗುಂಡಿಯ ಪೆಟ್ಟನ್ನು ಶಾಕ್ ಅಬ್ಸಾರ್ಬರ್ ಅಷ್ಟೂ ಹೆಚ್ಚು ತಡೆಯಬೇಕಾಗುತ್ತದೆ. ಟೈರು ಹಾಕಿಸಿದ ಮರುದಿನವೇ ಕ್ಲಚ್ಚು ಬಿಟ್ಟಾಗ ಗಾಡಿ ಮೊದಲಿನಂತೆ ಚಿಮ್ಮದೆ, ಒಂದು ಕ್ಷಣ ತಡೆದು ಹೊರಟದ್ದು ಕಾಲಿಗೆ ತಿಳಿದಿತ್ತು. ಕಾರಣ ತಕ್ಕಡಿಯ ಮೇಲೆ ಕಂಡಿತು.

ಎತ್ತರದ ಪಾಲೂ ಅದರಲ್ಲಿದೆ. ಚಕ್ರ ಶೇಕಡಾ 7ರಷ್ಟು ದೊಡ್ಡದಾದರೆ, ಎಲ್ಲ ಗೇರುಗಳೂ ಅಷ್ಟೇ ಪ್ರಮಾಣದಲ್ಲಿ ಮೇಲಿನ ಗೇರುಗಳಾದಂತೆ. ಈ ಗಾಡಿಯ 2.5 ಲೀಟರ್ ಎಂಜಿನ್ನಿನ ಗರಿಷ್ಠ ಟಾರ್ಕು, ಎಂದರೆ ತಿರುಗಿಸುವ ಬಲ, 320 ನ್ಯೂಟನ್ ಮೀಟರ್. ನೆಲಕ್ಕೆ ತಲುಪುವ ಎಳೆತದ ಲೆಕ್ಕದಲ್ಲಿ ಅದೀಗ ಮೊದಲಿನ 298ಕ್ಕೆ ಸಮ. ಡಿಫರೆನ್ಷಿಯಲ್ಲಿನ ಹಲ್ಲುಚಕ್ರಗಳನ್ನೇ ಬದಲಿಸಿ ಇದನ್ನು ಸರಿದೂಗಿಸುವ ಪದ್ಧತಿ ಅಮೆರಿಕ, ಆಸ್ಟ್ರೇಲಿಯಾಗಳಲ್ಲಿದೆ. ನಮ್ಮಲ್ಲಿ ಆ ಹಲ್ಲುಗಳನ್ನು ತರಿಸಿ, ಹಾಕಿ, ಸರಿಯಾಗಿ ಕೂರಿಸುವವರನ್ನು ಹುಡುಕುವುದೇ ಒಂದು ದೊಡ್ಡ ಕೆಲಸ. ಬಹುಪಾಲು ಮಂದಿ ಆ ಗೋಜಿಗೆ ಹೋಗದೆ, ಮೂರನೆಯ ಗೇರಿನ ಏರನ್ನು ಎರಡರಲ್ಲಿ ಹತ್ತಲು ಕಲಿಯುತ್ತಾರೆ. ನಾನೂ ಹಾಗೆಯೇ ಕಲಿತೆ.

ಮೈಲೇಜಿನ ವಿಷಯದಲ್ಲಿ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಈ ಕುರಿತು ಸುತ್ತಮುತ್ತ ಕೇಳಿಬರುವ ಅಂಕಿಗಳಲ್ಲಿ ಹೆಚ್ಚಿನವು ತಪ್ಪು. ಹಳೆಯ ಟೈರಿನಲ್ಲಿ ನನಗೆ ಲೀಟರಿಗೆ ಹನ್ನೊಂದೂವರೆ ಕಿಲೋಮೀಟರ್ ಸಿಗುತ್ತಿತ್ತು; ಹೊಸದರಲ್ಲಿ ಮೀಟರಿನ ಪ್ರಕಾರ 9.6. ಗಾಬರಿಯಾಗುವಂತಹ ಇಳಿತ. ಆದರೆ ಮೀಟರು ಎಣಿಸುವುದು ಸುತ್ತುಗಳನ್ನು, ದೂರವನ್ನಲ್ಲ. ದೊಡ್ಡ ಚಕ್ರ ಪ್ರತಿ ಸುತ್ತಿನಲ್ಲೂ ಹೆಚ್ಚು ದೂರ ಕ್ರಮಿಸುತ್ತದೆ. ಮೀಟರಿನ 100 ಕಿಲೋಮೀಟರ್ ನಿಜದಲ್ಲಿ 107. ಅದನ್ನು ಸೇರಿಸಿದರೆ ಮೈಲೇಜು 10.3. ನಷ್ಟ ಇದೆ, ಆದರೆ ಮೀಟರು ಹೇಳುವಷ್ಟು ಇಲ್ಲ. ಇದೇ ಕಾರಣಕ್ಕೆ ವೇಗದ ಮುಳ್ಳನ್ನು ನಂಬುವಂತಿಲ್ಲ, ಮತ್ತು ಇದು ಮೈಲೇಜಿಗಿಂತ ಗಂಭೀರವಾದ ಸಂಗತಿ. ಮೊದಲು ಮುಳ್ಳು 80 ತೋರಿಸುವಾಗ ಫೋನಿನ ಜಿಪಿಎಸ್ 78 ಹೇಳುತ್ತಿತ್ತು. ಈಗ ಅದೇ 80ಕ್ಕೆ ಫೋನು 83, 84 ಎನ್ನುತ್ತದೆ. ಮೊದಲು ಮೀಟರು ನಮ್ಮನ್ನು ಎಚ್ಚರದ ಕಡೆಗೆ ತಪ್ಪಿಸುತ್ತಿತ್ತು, ಈಗ ಅಪಾಯದ ಕಡೆಗೆ ತಪ್ಪಿಸುತ್ತದೆ.

ಪುಷ್ಯ ಮಳೆಯ ಒಂದು ಮಧ್ಯಾಹ್ನ

ಹೊಸ ಟೈರಿನ ಮೊದಲ ಮಳೆಗಾಲದಲ್ಲಿ, ಪುಷ್ಯ ಮಳೆ ನಡುವೆ ಎರಡು ದಿನ ಹೊಳವು ಕೊಟ್ಟಿತ್ತು. ಮೆಣಸಿನ ಬಳ್ಳಿಗೆ ಬೋರ್ಡೋ ಔಷಧಿ ಹೊಡೆಯಲು ಮಳೆಗಾಲದಲ್ಲಿ ಸಿಗುವುದು ಇಂತಹ ಎರಡು ಮೂರು ಹೊಳವುಗಳೇ. ತಪ್ಪಿದರೆ ಸೊರಗು ರೋಗಕ್ಕೆ ಬಳ್ಳಿಯನ್ನು ಒಪ್ಪಿಸಿದಂತೆ. ತೊಟ್ಟಿಯಲ್ಲಿ ನೀರು ತುಂಬಿದ ಎರಡು ಡ್ರಮ್ಮು, ಮೈಲುತುತ್ತು, ಸುಣ್ಣದ ಚೀಲ, ಸ್ಪ್ರೇಯರು ಹೇರಿಕೊಂಡು ಹಳ್ಳದ ಪಕ್ಕದ ಪಟ್ಟಿಗೆ ಇಳಿಯಲು ಹೊರಟೆ. ಇಳಿಜಾರು ಉದ್ದವಲ್ಲ, ನೂರು ಮಾರು ಇರಬಹುದು. ನಾಲ್ಕೂ ಚಕ್ರಕ್ಕೆ ಬಲ ಕೊಟ್ಟು ನಿಧಾನಕ್ಕೆ ಸಾಗಿಸುವ ಫೋರ್ ವೀಲ್ ಲೋ, ಮೊದಲ ಗೇರು, ಕಾಲು ಬ್ರೇಕಿನ ಮೇಲಿಲ್ಲ. ಎಲ್ಲವೂ ಸರಿಯಾಗಿಯೇ ಇತ್ತು. ಅರ್ಧ ಇಳಿದ ಮೇಲೆ ದಾರಿ ಬಲಕ್ಕೆ ಹೊರಳುವ ಜಾಗದಲ್ಲಿ ಸ್ಟೇರಿಂಗ್ ತಿರುಗಿಸಿದೆ. ಚಕ್ರಗಳು ತಿರುಗಿದವು, ಗಾಡಿ ತಿರುಗಲಿಲ್ಲ. ಅವಸರವಿಲ್ಲದೆ, ಸದ್ದಿಲ್ಲದೆ, ತೆಪ್ಪ ಸರಿದಂತೆ ನೇರವಾಗಿ ಸರಿಯುತ್ತ ಹೋಗಿ, ಹಿಂಭಾಗ ಪಕ್ಕಕ್ಕೆ ಹೊರಳಿ, ಸಿಲ್ವರ್ ಓಕ್ ಮರವೊಂದಕ್ಕೆ ಒರಗಿ ನಿಂತಿತು. ತೊಟ್ಟಿಯಲ್ಲಿ ನಿಂತಿದ್ದ ಇಬ್ಬರು ಆಳುಗಳು ಮೊದಲೇ ಜಿಗಿದಿದ್ದರು. ಯಾರಿಗೂ ಏನೂ ಆಗಲಿಲ್ಲ. ಆ ಮರ ಅಲ್ಲಿರದಿದ್ದರೆ ಎಂಬ ಯೋಚನೆಯಿಂದ ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಇಳಿದು ಟೈರು ನೋಡಿದೆ. ಅಂಗಡಿಯಲ್ಲಿ ಹೆಬ್ಬೆರಳು ಇಳಿಯುವಷ್ಟು ಆಳವಾಗಿ ಕಂಡಿದ್ದ ಹಲ್ಲಿನ ಸಂದುಗಳಲ್ಲಿ ಒಂದೂ ಕಾಣುತ್ತಿರಲಿಲ್ಲ. ಕೆಮ್ಮಣ್ಣು ಹದವಾಗಿ ಕಲಸಿದ ಜೇಡಿಯಂತೆ ಎಲ್ಲ ಸಂದುಗಳನ್ನೂ ತುಂಬಿ, ಮೇಲ್ಮೈಯನ್ನು ಕುಂಬಾರನ ಕೈ ಸವರಿದ ಗಡಿಗೆಯಂತೆ ನುಣುಪಾಗಿಸಿತ್ತು. ಒಂದು ಕಡ್ಡಿ ಹಾಕಿ ಕೆದಕಿದರೆ ಮಣ್ಣು ಇಡಿಯಾಗಿ, ಸಂದಿನ ಅಚ್ಚು ಹೊತ್ತು, ಇಟ್ಟಿಗೆಯ ತುಂಡಿನಂತೆ ಕಳಚಿ ಬಂತು. ಈ ಬಗೆಯ ಟೈರು ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ ಎಂಬುದು ನಿಜ, ಆದರೆ ಅದಕ್ಕೆ ಚಕ್ರ ಜೋರಾಗಿ ಸುತ್ತಬೇಕು. ಆ ಸುತ್ತಿಗೆ ಮಣ್ಣು ಸಿಡಿದು ಹೋಗಬೇಕು. ಭಾರ ಹೇರಿ, ಇಳಿಜಾರಿನಲ್ಲಿ, ನಡೆಯುವವನ ವೇಗದಲ್ಲಿ ಸಾಗುವ ತೋಟದ ಗಾಡಿಯ ಚಕ್ರ ಯಾವಾಗ ಹಾಗೆ ಸುತ್ತಬೇಕು? ಗಾಳಿಯನ್ನೂ ನಾನು ಇಳಿಸಿರಲಿಲ್ಲ. ಡಾಂಬರಿಗೆ ಹಾಕಿಸಿದ 34 ಪಿಎಸ್‌ಐ ಹಾಗೆಯೇ ಇತ್ತು. 20ಕ್ಕೆ ಇಳಿಸಿದ್ದರೆ ಟೈರು ಉದ್ದಕ್ಕೆ ಚಪ್ಪಟೆಯಾಗಿ ಸ್ವಲ್ಪವಾದರೂ ಹಿಡಿಯುತ್ತಿತ್ತೇನೋ.

ಎಳೆಯಲು ಬಂದದ್ದು ಪಕ್ಕದ ತೋಟದ ಹಳೆಯ ಜೀಪು. ಅದಕ್ಕೆ ಇದ್ದದ್ದು 6.00-16ರ ಟೈರು, ಸೇನೆಯ ಗಾಡಿಗಳಲ್ಲಿ ಕಾಣುವ ದಪ್ಪ ಹಲ್ಲಿನದು. ಅಗಲ ಆರು ಇಂಚು, ನನ್ನದು ಹತ್ತೂವರೆ. ಎತ್ತರದಲ್ಲಿ ಅದು ನನ್ನ ಪಿಕಪ್‌ನ ಮೂಲ ಟೈರಿಗಿಂತಲೂ ದೊಡ್ಡದಲ್ಲ. ಹಿಂದಿನ ಎರಡು ಚಕ್ರಕ್ಕೆ ಕಬ್ಬಿಣದ ಚೈನು ಸುತ್ತಿದ್ದರು. ನಾನು ಜಾರಿದ ಅದೇ ಇಳಿಜಾರನ್ನು ಆ ಜೀಪು ಚೈನಿನ ಝಣಝಣ ಸದ್ದು ಮಾಡುತ್ತ, ಕೆಸರನ್ನು ಸೀಳಿಕೊಂಡು ಇಳಿದು ಬಂತು. ಅದು ಹಾದು ಬಂದ ಜಾಡಿನ ತಳದಲ್ಲಿ ಕಲ್ಲಿನ ಕೆಂಪು ಕಾಣುತ್ತಿತ್ತು. ನನ್ನ ಜಾಡಿನಲ್ಲಿ ಬರೀ ಒತ್ತಿ ಸವರಿದ ಕೆಸರು. ಮೂವತ್ತು ವರ್ಷದಿಂದ ಅದೇ ಜೀಪು ಓಡಿಸುತ್ತಿರುವ ಚಾಲಕರು ಎರಡೂ ಜಾಡುಗಳನ್ನು ನೋಡಿ, "ನಿಮ್ಮ ಟೈರು ಕೆಸರಿನ ಮೇಲೆ ಕೂತಿದೆ, ನೆಲ ಮುಟ್ಟಿಲ್ಲ" ಎಂದರು.

ಆ ಮಾತಿನಲ್ಲಿ ಮಲೆನಾಡಿನ ನೆಲದ ಲಕ್ಷಣವೆಲ್ಲ ಇದೆ. ಮರಳಿನಂತೆ ಆಳದವರೆಗೂ ಸಡಿಲವಾದ ನೆಲದಲ್ಲಿ ಅಗಲದ ಟೈರು ಬೇಕು, ಅದು ಹೂತುಹೋಗದೆ ತೇಲಬೇಕು. ನಮ್ಮದು ಹಾಗಲ್ಲ. ಮೇಲೆ ನಾಲ್ಕು ಬೆರಳು ಜಾರುವ ಮಣ್ಣು, ಕೆಳಗೆ ಜಂಬಿಟ್ಟಿಗೆ. ಇಲ್ಲಿ ತೇಲುವುದೆಂದರೆ ಜಾರುವುದು. ಸಣ್ಣ ಅಗಲದ ಟೈರು ತನ್ನ ಭಾರವನ್ನು ಸಣ್ಣ ಜಾಗದ ಮೇಲೆ ಹೇರಿ, ಕೆಸರನ್ನು ಸೀಳಿ ಗಟ್ಟಿ ನೆಲ ಮುಟ್ಟುತ್ತದೆ. ಎತ್ತರ ಬೇಕಿದ್ದವನು ಎತ್ತರವನ್ನು ಮಾತ್ರ ಕೊಳ್ಳಬೇಕಿತ್ತು. ನಾನು ಅದರ ಜೊತೆಗೆ ಬೇಡದ ಅಗಲವನ್ನೂ ಕೊಂಡಿದ್ದೆ.

ಬೇಸಿಗೆಯಲ್ಲಿ ಆ ಟೈರುಗಳು ನನ್ನನ್ನು ಒಮ್ಮೆಯೂ ಕೈಬಿಡಲಿಲ್ಲ ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಮೇಲಿನ ಬಾಣೆಗೆ ಹತ್ತುವ ಕಲ್ಲಿನ ದಾರಿಯಲ್ಲಿ, ಗಾಳಿ ಇಳಿಸಿದ ದಪ್ಪ ಗೋಡೆಯ ಟೈರು ಚೂಪು ಕಲ್ಲುಗಳನ್ನು ಅಪ್ಪಿಕೊಂಡು ಹತ್ತುವ ಬಗೆಯನ್ನು ಎಷ್ಟು ಸಲ ನೋಡಿದರೂ ನನಗೆ ಸಂತೋಷವಾಗುತ್ತಿತ್ತು. ಹಳೆಯ ಟೈರಿನ ಪಕ್ಕದ ಗೋಡೆ ಅಲ್ಲಿ ಎರಡು ಸಲ ಸೀಳಿತ್ತು. ಹೊಸದು ಒಂದು ಸಲವೂ ಇಲ್ಲ.

ಬಿಸಿಲೆ ಘಾಟಿ

ಮಣ್ಣಿನ ದಾರಿಯಲ್ಲಿ ತಪ್ಪಾದರೆ ಮರಕ್ಕೆ ಒರಗುತ್ತೇವೆ. ಘಾಟಿಯಲ್ಲಿ ಹಾಗಲ್ಲ. ಆ ವರ್ಷದ ಕೊನೆಯಲ್ಲಿ ಮನೆಯವರೊಂದಿಗೆ ಬಿಸಿಲೆ ಘಾಟಿ ಇಳಿದು ಸುಬ್ರಹ್ಮಣ್ಯಕ್ಕೆ ಹೊರಟಿದ್ದೆ. ನೂರಾರು ಸಲ ಇಳಿದ ದಾರಿ. ಯಾವ ತಿರುವಿಗೆ ಯಾವ ಗೇರು ಎಂಬುದು ಕೈಗೆ ಗೊತ್ತು. ಕೈಗೆ ಗೊತ್ತಿದ್ದೇ ತೊಂದರೆಯಾಯಿತು. ಗೇರುಗಳೆಲ್ಲ ಎತ್ತರವಾದ್ದರಿಂದ ಎಂಜಿನ್ನು ಗಾಡಿಯನ್ನು ಮೊದಲಿನಷ್ಟು ಹಿಡಿಯುತ್ತಿರಲಿಲ್ಲ. ಆ ಕೊರತೆಯನ್ನು ನನಗೆ ಅರಿವಿಲ್ಲದೆ ಬ್ರೇಕಿನಿಂದ ತುಂಬಿಕೊಳ್ಳುತ್ತಿದ್ದೆ. ಬ್ರೇಕಿನ ಡಿಸ್ಕು ಮೊದಲಿನಷ್ಟೇ ಇದೆ, ಅದು ತಡೆಯಬೇಕಾದ ಚಕ್ರ ದೊಡ್ಡದಾಗಿದೆ, ಭಾರವಾಗಿದೆ. ಅರ್ಧ ಘಾಟಿಗೆ ಬರುವಷ್ಟರಲ್ಲಿ ಸುಟ್ಟ ವಾಸನೆ ಕ್ಯಾಬಿನ್ನಿನೊಳಗೆ ಬಂತು, ಪೆಡಲು ಮೆತ್ತಗಾಯಿತು. ಅಗಲವಿದ್ದ ಜಾಗದಲ್ಲಿ ನಿಲ್ಲಿಸಿ, ಮುಕ್ಕಾಲು ಗಂಟೆ ಕಾಡಿನ ನೆರಳಿನಲ್ಲಿ ಕುಳಿತು, ಉಳಿದ ದಾರಿಯನ್ನು ಎರಡನೆಯ ಗೇರಿನಲ್ಲಿ ಇಳಿದೆವು. ತಪ್ಪು ಗಾಡಿಯದ್ದಲ್ಲ. ಅದನ್ನು ಬೇರೆ ಚಕ್ರಕ್ಕೆ ರೂಪಿಸಿದ್ದರು.

ಕಾನೂನಿನ ದೃಷ್ಟಿಯೂ ಬಹುಮಟ್ಟಿಗೆ ಇದೇ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಮೂಲದಲ್ಲಿ ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ ಎಂಬ ನಿಯಮವೂ ಸೇರಿತು. ನಾನು ಹಾಕಿಸಿದ ಅಳತೆ ಗಾಡಿಯ ಕೈಪಿಡಿಯಲ್ಲಿ ಇರಲಿಲ್ಲ. ಅಪಘಾತವಾಗಿ ವಿಮೆಯವರು ಈ ಪ್ರಶ್ನೆ ಎತ್ತಿದ್ದರೆ ನನ್ನ ಬಳಿ ಉತ್ತರವಿರಲಿಲ್ಲ. ನಾನು ಈ ನಿಯಮವನ್ನು ಸಕಾಲದಲ್ಲಿ ಗೌರವಿಸಲಿಲ್ಲ ಎಂಬುದಕ್ಕೆ ನನಗೆ ಬೇಸರವಿದೆ. ಘಾಟಿಯಲ್ಲಿ ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು.

ಚೆಕ್‌ರೋಲಿನಿಂದ ಬಿಟ್ಟುಹೋದ ಕೆಲಸ

ಎರಡನೆಯ ಮಳೆಗಾಲ ಕಳೆದು ನೆಲ ಒಣಗಿದ ಮೇಲೆ, ಹೌಸಿಂಗು ಮತ್ತೆ ತಗುಲಿತು. ಅದೇ ಜಾಗ, ಅದೇ ಸದ್ದು. ಒಂದು ಇಂಚು ಎತ್ತರಿಸಿದ ಮೇಲೂ ತಗುಲಿದ್ದೇಕೆ ಎಂದು ತಿಳಿಯದೆ ಟೇಪು ತಂದು ಏಣನ್ನು ಅಳೆದೆ. ಮೊದಲು 21 ಸೆಂಟಿಮೀಟರ್ ಇದ್ದದ್ದು ಈಗ 26. ಏಣು ಬೆಳೆದಿರಲಿಲ್ಲ, ಜಾಡು ಇಳಿದಿತ್ತು. ಬಿರು ಮಳೆಯ ಪಾಲೂ ಟ್ರ್ಯಾಕ್ಟರಿನ ಪಾಲೂ ಅದರಲ್ಲಿ ಇದ್ದೇ ಇದೆ. ಆದರೆ ಏರಿನಲ್ಲಿ ಚಕ್ರ ಸುತ್ತಿದಾಗಲೆಲ್ಲ ಮಣ್ಣನ್ನು ಮುಷ್ಟಿ ಮುಷ್ಟಿಯಾಗಿ ಬಾಚಿ ಹಿಂದಕ್ಕೆಸೆದದ್ದು ನನ್ನ ಟೈರಿನ ಹಲ್ಲುಗಳೇ, ಸಡಿಲವಾದ ಆ ಮಣ್ಣನ್ನು ಮಳೆ ಹಳ್ಳಕ್ಕೆ ಒಯ್ದಿತ್ತು. ಟೈರು ನನಗೆ ಕೊಟ್ಟದ್ದು 27 ಮಿಲಿಮೀಟರ್, ದಾರಿಯಿಂದ ತೆಗೆದದ್ದು 50ಕ್ಕೆ ಹತ್ತಿರ. ಅಂದು ಆ ಏಣಿನ ಪಕ್ಕ ಟೇಪು ಹಿಡಿದು ಬಹಳ ಹೊತ್ತು ಕುಳಿತಿದ್ದೆ.

ನಮ್ಮ ತಂದೆಯ ಕಾಲದ ಚೆಕ್‌ರೋಲ್ ಪುಸ್ತಕಗಳು, ಎಂದರೆ ಆಳುಗಳ ಹಾಜರಿ ಮತ್ತು ಕೆಲಸದ ಲೆಕ್ಕ, ಅಟ್ಟದಲ್ಲಿವೆ. ಪ್ರತಿ ವರ್ಷ ಮೇ ತಿಂಗಳಲ್ಲಿ, ಗುಂಡಿ ಬಿಡಿಸುವುದು, ನೆರಳು ಕಡಿಯುವುದು ಎಂಬ ಬಾಬ್ತುಗಳ ನಡುವೆ, 'ರಸ್ತೆ ಕೆಲಸ' ಎಂದು ಹತ್ತು ಹನ್ನೆರಡು ಆಳುಗಳ ಲೆಕ್ಕ ಇದ್ದೇ ಇದೆ. ಏಣು ಕಡಿದು, ಜಾಡು ತುಂಬಿ, ದಾರಿಗೆ ಓರೆಯಾಗಿ ಅಡ್ಡಚರಂಡಿ ತೆಗೆದು, ಮಳೆನೀರು ಜಾಡು ಹಿಡಿದು ಓಡದಂತೆ ಪಕ್ಕದ ತೋಟಕ್ಕೆ ಹೊರಳಿಸುವ ಕೆಲಸ ಅದು. ಆಗ ಇದ್ದದ್ದು ಆರು ಇಂಚಿನ ಟೈರಿನ ಜೀಪು. ದಾರಿ ಸರಿಯಿಲ್ಲದಿದ್ದರೆ ಜೀಪು ಇಲ್ಲ, ಅಷ್ಟೇ. ನನ್ನ ಕಾಲದ ಪುಸ್ತಕದಲ್ಲಿ ಆ ಬಾಬ್ತು 2018ರಲ್ಲಿ ಕೊನೆಯ ಸಲ ಕಾಣುತ್ತದೆ. ಫೋರ್ ವೀಲ್ ಪಿಕಪ್ ಬಂದ ಮರುವರ್ಷ. ಆಳುಗಳು ಸಿಗುವುದಿಲ್ಲ ಎಂಬುದು ಆಗ ನಾನು ಹೇಳಿದ ಕಾರಣ, ಅದು ಸುಳ್ಳೂ ಅಲ್ಲ. ಆದರೆ ಹೇಗೂ ಹತ್ತುತ್ತದೆಯಲ್ಲ ಎಂಬ ಧೈರ್ಯ ಅದಕ್ಕಿಂತ ದೊಡ್ಡ ಕಾರಣವಾಗಿತ್ತು.

ಆ ಮಾರ್ಚಿನಲ್ಲಿ ಮೂವರು ಆಳುಗಳೊಂದಿಗೆ ನಾಲ್ಕು ದಿನ ಪಿಕಾಸಿ ಹಿಡಿದು ಏಣು ಕಡಿಸಿದೆ. ಕಡಿದ ಕಲ್ಲನ್ನೇ ಜಾಡಿಗೆ ತುಂಬಿ, ಇಪ್ಪತ್ತು ಹೆಜ್ಜೆಗೊಂದರಂತೆ ಅಡ್ಡಚರಂಡಿ ತೆಗೆಸಿದೆ. ಟೈರು ಸವೆಯುವ ಮೊದಲೇ ಬಿಚ್ಚಿ, 245/75 ಆರ್ 16ರ, ಡಾಂಬರಿಗೂ ಮಣ್ಣಿಗೂ ಹೊಂದುವ ಆಲ್ ಟೆರೇನ್ ಟೈರು ಹಾಕಿಸಿದೆ. ಅಗಲ ಮೂಲದಷ್ಟೇ, ಎತ್ತರ 774 ಮಿಲಿಮೀಟರ್, ಹೌಸಿಂಗಿನ ಕೆಳಗೆ ಹೆಚ್ಚಿಗೆ ಸಿಗುವುದು ಅರ್ಧ ಇಂಚಿಗಿಂತ ತುಸು ಕಡಿಮೆ. ಇದೂ ಕೈಪಿಡಿಯ ಅಳತೆಯಲ್ಲ, ಹಾಗಾಗಿ ಇವು ಸವೆದ ಮೇಲೆ ಮೂಲದ ಅಳತೆಗೇ ಮರಳುವುದೆಂದು ನಿಶ್ಚಯಿಸಿದ್ದೇನೆ. ಮಳೆಗಾಲಕ್ಕೆಂದು ಒಂದು ಜೊತೆ ಚೈನು ಕೊಂಡಿದ್ದೇನೆ. ಅದನ್ನು ಸುತ್ತುವ ಬಗೆಯನ್ನು ಪಕ್ಕದ ತೋಟದ ಚಾಲಕರೇ ಕಲಿಸಿಕೊಟ್ಟರು: ಮೊದಲು ನೆಲಕ್ಕೆ ಹಾಸಿ, ಅದರ ಮೇಲೆ ಚಕ್ರ ಹತ್ತಿಸಿ, ಆಮೇಲೆ ಬಿಗಿಯಬೇಕು, ಹತ್ತು ಮಾರು ಓಡಿಸಿ ಮತ್ತೊಮ್ಮೆ ಬಿಗಿಯಬೇಕು.

ಎರಡನೆಯ ತಿರುವಿನಲ್ಲಿ ಈಗ ಸದ್ದಿಲ್ಲ. ಹೊದಿಕೆ ಕತ್ತರಿಸಿದ ಜಾಗದಿಂದ ಒಳನುಗ್ಗಿದ ಮಣ್ಣು ಮಡ್‌ಗಾರ್ಡಿನ ಸಂದಿನಲ್ಲಿ ತಂಗಿ, ತಗಡು ತುಕ್ಕು ಹಿಡಿಯಲು ಶುರುವಾಗಿತ್ತು. ಮೊನ್ನೆ ಪೈಪು ಹಿಡಿದು ತೊಳೆದಾಗ ಒಂದು ಬುಟ್ಟಿಯಷ್ಟು ಕೆಮ್ಮಣ್ಣು ಹೊರಬಂತು. ಅದನ್ನು ಒಯ್ದು ಮೇಲಿನ ಜಾಡಿನಲ್ಲಿ ಸುರಿದು ಬಂದೆ. ಆರಿದ್ರೆ ಮಳೆ ಹಿಡಿಯುವುದರೊಳಗೆ ಮೂರನೆಯ ಅಡ್ಡಚರಂಡಿಯ ಬಾಯಿ ಬಿಡಿಸಬೇಕು, ಎಲೆ ಬಿದ್ದು ಕಟ್ಟಿಕೊಂಡಿದೆ.